ಕರಕಿ ಕೌಸಲ್ಯಾಬಾಯಿಯ ದುಬಾರಾ ಬಿತ್ತಿಗೆ

ಔರಾದ ತಾಲೂಕಿನ ಎಕಂಬಾದಲ್ಲಿ ಒಂದು ಕಾಲಕ್ಕೆ ಕೌಸಲ್ಯಾಬಾಯಿ ಎಂಬ ಹೆಸರಿನವರು ನಾಲ್ವರಿದ್ದರು. ಗುರುತಿಗೆಂದು ಊರು ಒಬ್ಬಾಕೆಯನ್ನು ಗಿರಣಿ ಕೌಸಲ್ಯಾ ಎಂದಿತು, ಇನ್ನೊಬ್ಬಾಕೆಯನ್ನು ಅಂಗನವಾಡಿ ಕೌಸಲ್ಯಾ ಎಂದಿತು. ಮೂರನೆಯಾಕೆ ಮೈಕೈ ತುಂಬಿಕೊಂಡಿದ್ದರಿಂದ ಊರಿಗೆ ಹೆಚ್ಚು ಯೋಚಿಸುವ ಕಷ್ಟ ಕೊಡಲಿಲ್ಲ. ನಾಲ್ಕನೆಯಾಕೆ ಕರಕಿ ಕೌಸಲ್ಯಾ. ಈ ಕಥೆ ಆಕೆಯದು.

ಕರಕಿ ಎಂದರೆ ಗರಿಕೆ ಹುಲ್ಲು. ಪೂಜೆಯ ತಟ್ಟೆಯಲ್ಲಿ ಅದು ಮೂರೆಳೆಯ ಸಾಧು. ಎರೆಹೊಲಕ್ಕೆ ಇಳಿಯಿತೆಂದರೆ ಅದರ ವರಸೆಯೇ ಬೇರೆ. ಮೇಲೆ ಒಂದು ಬೆರಳು ಕಂಡರೆ ಕೆಳಗೆ ಒಂದು ಮೊಳ ಇರುತ್ತದೆ. ಕಿತ್ತರೆ ತುಂಡಾಗುತ್ತದೆ, ತುಂಡಾದದ್ದು ಎರಡಾಗುತ್ತದೆ. ಕುಂಟೆ ಹೊಡೆದಿರೋ, ಹೊಲದ ತುಂಬ ಅದರ ಬೀಗರು. ಅಂಥ ಕರಕಿಯ ಬೇರನ್ನು ಕೌಸಲ್ಯಾಬಾಯಿ ಕಳೆ ತೆಗೆಯುವ ಖುರಪಿಯ ತುದಿಯಿಂದ ಹಿಂಬಾಲಿಸಿಕೊಂಡು ಹೋಗಿ, ಒಂದು ಗಣಿಕೆಯೂ, ಎಂದರೆ ಬೇರಿನ ಒಂದು ಗೆಣ್ಣೂ, ಮುರಿಯದಂತೆ, ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ತೆಗೆಯುತ್ತಿದ್ದಳು. ತೆಗೆದದ್ದನ್ನು ಬದುವಿಗೆ ಎಸೆಯದೆ ಬಂಡೆಯ ಮೇಲೆ ಹರಡಿ ಬಿಸಿಲಿಗೆ ಒಣಗಿಸುತ್ತಿದ್ದಳು. ಒಣಗಿದ್ದನ್ನು ಸುಡುತ್ತಿದ್ದಳು. ಸುಟ್ಟ ಮೇಲೂ ಬೂದಿಯನ್ನು ಕಡ್ಡಿಯಿಂದ ಒಮ್ಮೆ ಕೆದಕಿ ನೋಡುತ್ತಿದ್ದಳು ಎನ್ನುವವರಿದ್ದರು. ಅದು ಅನುಮಾನವಲ್ಲ, ಕುತೂಹಲ. ಸತ್ತದ್ದು ನಿಜವಾಗಿ ಹೇಗೆ ಸಾಯುತ್ತದೆಂದು ನೋಡದೆ ಆಕೆಗೆ ನಿದ್ದೆ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಮಗಳು ಕರುಣಾಗೆ ಬೀದರದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸವಾಯಿತು. ಹೊಲವನ್ನು ಮೈದುನನಿಗೆ ಪಾಲಿಗೆ ಹಾಕಿ, ಗಂಡ ಹೆಂಡತಿ ಮಗಳ ಜೊತೆ ಬೀದರಕ್ಕೆ ಬಂದು ಎರಡನೆಯ ಮಹಡಿಯ ಬಾಡಿಗೆ ಮನೆ ಸೇರಿದರು. ಗಂಡ ಗೋರಖನಾಥ ಎಂಟೇ ದಿನದಲ್ಲಿ ಪಟ್ಟಣಿಗನಾದ. ಮೂವತ್ತು ವರ್ಷ ಎತ್ತಿನ ಹಿಂದೆ ನಡೆದ ಕಾಲುಗಳನ್ನು ಟೀಪಾಯಿಯ ಮೇಲೆ ಚಾಚಿ, ರಿಮೋಟು ಹಿಡಿದು, ಮರಾಠಿ ಧಾರಾವಾಹಿಯ ಸೊಸೆಯಂದಿರಿಗೆ ಬುದ್ಧಿ ಹೇಳತೊಡಗಿದ. ಕೌಸಲ್ಯಾಬಾಯಿಗೆ ಆ ಮನೆ ಒಗ್ಗಲಿಲ್ಲ. ಅಲ್ಲಿ ಕೆರೆಯಲು ಮಣ್ಣೇ ಇರಲಿಲ್ಲ. ಮೆಟ್ಟಿಲ ಬಳಿ ಮಾಲಕರು ಇಟ್ಟಿದ್ದ ಒಂದು ಕ್ರೋಟನ್ ಕುಂಡಕ್ಕೆ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಮಣ್ಣು ಸಡಿಲಿಸಿದಳು. ಮೂರನೆಯ ವಾರಕ್ಕೆ ಆ ಗಿಡ ಆರೈಕೆ ತಾಳಲಾರದೆ ಸತ್ತಿತು.

"ಅವ್ವಾ, ಐವತ್ತಾರು ಆದ್ವು ನಿನಗ. ಸುಮ್ನ ಮನ್ಯಾಗ ಕೂಡು," ಎಂದಳು ಕರುಣಾ.

"ಕೂತು ಏನ್ ಮಾಡ್ಲಿ?"

"ಅಪ್ಪಾ ಏನ್ ಮಾಡ್ಲತ್ತಾನ, ಅದೇ ಮಾಡು."

"ಅದು ಒಬ್ರಿಗಾಗೋವಷ್ಟೇ ಕೆಲಸ ಅದಾ. ಇಬ್ರು ಯಾಕ ಬೇಕು?"

ಭಾಲ್ಕಿ ರಸ್ತೆಯ 'ಶೈಲಶ್ರೀ ಲಾನ್ಸ್'ಗೆ ಮಾಲಿ ಬೇಕಾಗಿದ್ದಾರೆಂಬ ಸುದ್ದಿಯನ್ನು ತಂದವರು ಯಾರೋ, ಹಿಡಿದುಕೊಂಡವಳು ಕೌಸಲ್ಯಾಬಾಯಿ. ಕರುಣಾ ಒಪ್ಪಿದ್ದು ಒಂದು ಕರಾರಿನ ಮೇಲೆ. "ಈ ಕೆಲಸ ಹೋತಂದ್ರ ಮತ್ತೊಂದು ಹುಡಕಂಗಿಲ್ಲ. ಆವಾಗ ಮನ್ಯಾಗೇ ಕೂಡಬೇಕು. ಮಾತು ಕೊಡು." ಮಾತು ಕೊಟ್ಟಾಯಿತು. ಹೀಗಾಗಿ ಕೌಸಲ್ಯಾಬಾಯಿಗೆ ಆ ಕೆಲಸದ ಆಚೆ ಉಳಿದದ್ದು ಒಂದು ಸೋಫಾ ಮತ್ತು ಎರಡನೆಯ ಮಹಡಿ.

ಬೀದರದ ನಾವು 'ಲಾನ್' ಎನ್ನುವುದು ಹುಲ್ಲಿಗಲ್ಲ, ಮದುವೆ ಮಾಡುವ ಜಾಗಕ್ಕೆ. ನೆಲಕ್ಕೆಲ್ಲ ಫರಸಿಕಲ್ಲು ಹಾಸಿ, ಹೆಸರಿಗೂ ಒಂದು ಹಸಿರೆಲೆ ಇಲ್ಲದ ಕಡೆಗೂ ನಾವು ಲಾನ್ ಎಂದೇ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ ಹಂಚಿದವರು. ಶೈಲಶ್ರೀ ಲಾನ್ಸಿನಲ್ಲಿ ಮಾತ್ರ ನಿಜವಾಗಿ ಹುಲ್ಲಿತ್ತು. ಅದರ ಮಾಲಕ ವೀರಭದ್ರ ಭಾಲ್ಕಿ ತಾಲೂಕಿನ ಭಾತಂಬ್ರಾದ ಒಕ್ಕಲುಮನೆಯವನು. ಹೆಸರು ಹೆಂಡತಿಯದು, ಬೆವರು ತನ್ನದು ಎಂದು ಹೇಳಿಕೊಳ್ಳುತ್ತಿದ್ದ. ಬೆವರನ್ನು ಕಂಡವರು ಕಡಿಮೆ. ಬೇಸಿಗೆಯ ಮದುವೆಗಳಲ್ಲಿ ಕುರ್ಚಿಯ ಕಾಲು, ಚಪ್ಪಲಿಯ ಹಿಮ್ಮಡಿ, ಪೆಂಡಾಲಿನ ನೆರಳು ಸೇರಿ ಅವನ ಹುಲ್ಲು ಅಲ್ಲಲ್ಲಿ ತೆಳ್ಳಗಾಗಿತ್ತು, ಥೇಟು ಅವನ ನೆತ್ತಿಯಂತೆ. ಆಷಾಢ ಬಂದು ಮದುವೆಗಳು ನಿಂತವು. ತೊಗರಿ ಬಿತ್ತಿಗೆಗೆಂದು ಊರಿಗೆ ಹೊರಟ ವೀರಭದ್ರ ಹೊಸ ಮಾಲಿಗೆ ಹೇಳಿದ್ದು ಒಂದೇ ಮಾತು.

"ಕಾಕು, ಲಾನಿನ್ಯಾಗ ಕಸಾ ಭಾಳ ಬೆಳದದ. ಎಲ್ಲಾ ತಗದು ಸ್ವಚ್ಛ ಮಾಡ್ರಿ."

ಕೌಸಲ್ಯಾಬಾಯಿ ನೋಡಿದಳು. ಸ್ಟೇಜಿನಿಂದ ಕಾರಂಜಿಯವರೆಗೆ ಬರೀ ಕರಕಿ. ಪಾಪ, ಪಟ್ಟಣದ ಮಂದಿ, ಇಷ್ಟು ಬೆಳೆಯುವವರೆಗೆ ಯಾರೂ ನೋಡಿಲ್ಲವಲ್ಲ ಎಂದು ಮರುಗಿ, ಸೆರಗು ಸಿಕ್ಕಿಸಿ ಕೂತಳು. ಎರೆಮಣ್ಣಿನಲ್ಲಿ ಪಳಗಿದ ಕೈಗೆ ಬೀದರದ ಕೆಂಪು ಮಣ್ಣು ಆಟವಾಯಿತು. ಮಳೆ ಕೈಕೊಟ್ಟಿದ್ದ ವಾರ. ತೆಗೆದದ್ದನ್ನೆಲ್ಲ ಸಿಮೆಂಟಿನ ಹಾದಿಯ ಮೇಲೆ ಹರಡಿ ಒಣಗಿಸಿದಳು. ಐದನೆಯ ದಿನ ಗಾಡಿಯಿಂದ ಇಳಿದ ವೀರಭದ್ರನನ್ನು ಬಾಗಿಲಲ್ಲೇ ಎದುರುಗೊಂಡಳು, ಹೊಗಳಿಕೆಗೆ ಮುಖ ಸಿದ್ಧಮಾಡಿಕೊಂಡು.

"ಕಾಕು, ಹುಲ್ಲೆಲ್ಲಿ?"

"ಯಾ ಹುಲ್ಲುರಿ?"

"ಇಲ್ಲೇ ಇತ್ತಲ್ಲ! ಹಸರು!"

"ಅದಾ? ಅದು ಹುಲ್ಲಲ್ರಿ ಸಾವಕಾರ್ರ, ಕರಕಿ! ಅಂಜಬ್ಯಾಡ್ರಿ, ಒಂದು ಗಣಿಕಿ ಸುದ್ದಾ ಬಿಟ್ಟಿಲ್ಲ."

ವೀರಭದ್ರ ಕೂರಲು ಕುರ್ಚಿ ಹುಡುಕಿದ. ಆಷಾಢವಾದ್ದರಿಂದ ಕುರ್ಚಿಗಳೆಲ್ಲ ಗೋದಾಮಿನಲ್ಲಿದ್ದವು. ನಿಂತೇ ಸಂಕಟಪಟ್ಟ.

"ತಿರುಗಿ ಹಚ್ರಿ ಅದನ್ನ! ಈಗಿಂದೀಗ ಹಚ್ರಿ!"

"ಹ್ಯಾಂಗ ಹತ್ತತಾವ್ರಿ? ನಾಕ ದಿನ ಒಣಗಸೀನಿ. ಎಕಂಬಾದಾಗ ಬೇಕಾದ್ರ ಕೇಳ್ರಿ, ನಾ ಒಣಗ್ಸಿದ್ದು ತಿರುಗಿ ಹುಟ್ಟಿದ್ದಿಲ್ಲ."

ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದ ಶೈಲಶ್ರೀಗೆ ನಗು ತಡೆಯಲಾಗಲಿಲ್ಲ. "ಕಸಾ ತಗೀರಿ ಅಂದವ್ರು ಯಾರು? ಒಕ್ಕಲುಮನ್ಯಾಗ ಹುಟ್ಟೀರಿ, ಕರಕಿಗಿ ನಾವು ಲಾನ್ ಅಂತೀವಿ ಅಂತ ಮೊದಲೇ ಹೇಳ್ಬಾರ್ದಾ?"

ವೀರಭದ್ರ ಮೆಟ್ಟಿಲೇರಿ ಹೆಂಡತಿಯನ್ನು ದಾಟಿದ. ಒಳಗೆ ಹೋಗಿ ಒಂದು ವಸ್ತು ತಂದ. ಅದು ಅಂಗೈ ಅಗಲದ ಪ್ಲಾಸ್ಟಿಕ್ ಹುಲ್ಲಿನ ತುಂಡು, ಹೈದರಾಬಾದಿನ ವ್ಯಾಪಾರಿಯೊಬ್ಬ ಕೊಟ್ಟುಹೋದ ಮಾದರಿ. "ಇದನ್ನೇ ಹಾಸಿಬಿಡ್ತೇನಿ. ಇದಕ್ಕ ನೀರು ಬ್ಯಾಡ, ಗೊಬ್ಬರ ಬ್ಯಾಡ, ಮಾಲಿ ಬ್ಯಾಡ."

ಮೂರನೆಯ 'ಬ್ಯಾಡ' ಕೌಸಲ್ಯಾಬಾಯಿಯ ಕಿವಿಯಲ್ಲೇ ಉಳಿಯಿತು. ಕಣ್ಣ ಮುಂದೆ ಸೋಫಾ ಬಂತು. ಅದರ ಮೇಲೆ ಗೋರಖನಾಥ ಸ್ವಲ್ಪ ಸರಿದು ಜಾಗ ಕೊಡುತ್ತಿದ್ದ.

ಶೈಲಶ್ರೀ ಆ ತುಂಡನ್ನು ಕಸಿದುಕೊಂಡು ಹೇಳಿದಳು: "ದಸರಾ ಆದ ನಾಕನೇ ದಿನ ಮೊದಲ್ನೇ ಮದುವಿ ಅದಾ. ಅಲ್ಲಿ ತನಕ ನೋಡಮು. ಮತ್ತ ಹಸರ ಆಯ್ತಂದ್ರ ಕಾಕು ಇರ್ತಾರ. ಆಗಲಿಲ್ಲಂದ್ರ ನಿಮ್ಮ ಪ್ಲಾಸ್ಟಿಕ್ ಹಾಸ್ರಿ."

ಕೌಸಲ್ಯಾಬಾಯಿ ತಲೆಯಾಡಿಸಿದಳು. ಆದರೆ ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ. "ಅಕ್ಕಾರ, ಮಂದಿ ಖರೇನೆ ಬೇಕಂತ ಕರಕಿ ಬೆಳಸ್ತಾರೇನ್ರಿ?"

ಮರುದಿನ ಶೈಲಶ್ರೀ, ಕೌಸಲ್ಯಾಬಾಯಿ ಇಬ್ಬರೂ ಭಾಲ್ಕಿಗೆ ಹೋದರು, ನಿಜಾಮೋದ್ದೀನನ ಬೀಜದ ಅಂಗಡಿಗೆ. ವೀರಭದ್ರನ ಮನೆತನಕ್ಕೆ ತಲೆಮಾರಿನಿಂದ ಬಳಕೆಯ ಅಂಗಡಿ. ಅಲ್ಲಿ ಹಳದಿ ರುಮಾಲಿನ ರೈತನೊಬ್ಬ ಮೊದಲೇ ಬಂದು ನಿಂತಿದ್ದ.

"ಭಾಯಿ, ಕರಕಿ ಬೇರಸಹಿತ ಸಾಯೋ ಔಷಧ ಕೊಡ್ರಿ. ಸಾಕಾಗೇದ ನನಗ."

"ನಮಗ ಕರಕಿ ಬೀಜ ಕೊಡ್ರಿ," ಎಂದಳು ಶೈಲಶ್ರೀ ಪಕ್ಕದಿಂದ.

ರೈತ ಮೆಲ್ಲಗೆ ತಿರುಗಿದ. "ಏನ್ ಬೀಜ ಅಂದ್ರಿ ತಂಗಿ?"

"ಕರಕಿದು."

"ಕೊಂಡ್ಕೊಳ್ಳೋದು ಯಾಕ್ರವ್ವಾ? ನಮ್ಮ ಹೊಲಕ್ಕ ಬರ್ರಿ. ಬೇಕಾದಷ್ಟು ಒಯ್ರಿ, ಮ್ಯಾಲ ಊಟಾ ಹಾಕಿ ಕಳಸ್ತೇನಿ!"

ಕೌಸಲ್ಯಾಬಾಯಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಎಕಂಬಾದವರು ಯಾರಾದರೂ ಭಾಲ್ಕಿ ಸಂತೆಗೆ ಬಂದಿದ್ದು, ಕರಕಿ ಕೌಸಲ್ಯಾ ಕರಕಿ ಬೀಜ ಒಯ್ಯುತ್ತಿರುವುದನ್ನು ಕಂಡರೆ ಊರಲ್ಲಿ ಮುಖವೆತ್ತುವುದು ಹೇಗೆ?

ನಿಜಾಮೋದ್ದೀನ ಮಾತ್ರ ನಗದೆ ಔಷಧದ ಬಾಟಲಿಯನ್ನು ಎಡಗೈಯಿಂದ ರೈತನಿಗೆ, ಬೀಜದ ಪೊಟ್ಟಣವನ್ನು ಬಲಗೈಯಿಂದ ಶೈಲಶ್ರೀಗೆ ಚಾಚಿದ. "ಹುಟ್ಟಸೋದೂ ಇದೇ ಕೌಂಟರ್, ಸಾಯ್ಸೋದೂ ಇದೇ ಕೌಂಟರ್ ಅಮ್ಮಾ. ಅಲ್ಲಾ ನಂಗ ಎರಡೂ ಕಡಿ ರೊಟ್ಟಿ ಇಟ್ಟಾನ."

ಪೊಟ್ಟಣದ ಮೂಲೆ ಬಿಚ್ಚಿ ಕೌಸಲ್ಯಾಬಾಯಿ ನಾಲ್ಕು ಕಾಳು ಅಂಗೈಗೆ ಸುರಿದುಕೊಂಡಳು. ಗಸಗಸೆಗಿಂತ ಸಣ್ಣವು. ನಾಚಿಕೆ ಎಲ್ಲಿ ಹೋಯಿತೋ, ಬಾಗಿಲ ಬೆಳಕಿಗೆ ಹೋಗಿ ಕೈ ಓರೆಮಾಡಿ ಮಾಡಿ ನೋಡಿದಳು. ನಲವತ್ತು ವರ್ಷ ಕಾದಾಡಿದ್ದು ಬೇರಿನೊಂದಿಗೆ. ಅದಕ್ಕೆ ಬೀಜವೂ ಇದೆಯೆಂದು ಆಕೆಗೆ ಗೊತ್ತೇ ಇರಲಿಲ್ಲ.

"ಇಷ್ಟು ಸಣ್ಣದು ಎಷ್ಟು ಆಳ ಬಿತ್ತಬೇಕ್ರಿ ಭಾಯಿ?"

"ಬಿತ್ತಬ್ಯಾಡ್ರಿ! ಆಳಕ್ಕ ಹೋದ್ರ ಸಾಯ್ತದ. ಬರೇ ಮಣ್ಣಿಗಿ ಅಂಟಬೇಕು. ನೆಲಾ ಮ್ಯಾಲಿಂದ್ಮ್ಯಾಲ ಕೆರೀರಿ. ಬೀಜ ಉಸುಕಿನ್ಯಾಗ ಕಲಸ್ರಿ, ಒಂದು ಸಲ ಉದ್ದಕ್ಕ ಚೆಲ್ರಿ, ಒಂದು ಸಲ ಅಡ್ಡಕ್ಕ. ಹದಿನೈದು ದಿನ ನೆಲಾ ಒಣಗಬಾರ್ದು. ಆದ್ರ ನೀರು ಹೊಡೀಬ್ಯಾಡ್ರಿ, ಚಿಮಕಸ್ರಿ. ಈಗ ಸೆಕಿ ಅದಾ, ಮಳಿನೂ ಅದಾ, ಇದಕ್ಕ ಇದೇ ಸೀಜನ್."

ಹೇಳಿದಂತೆಯೇ ಮಾಡಿದಳು. ಒಂದು ಮಾತು ಮಾತ್ರ ಮುಚ್ಚಿಟ್ಟಳು. ಎಕಂಬಾದಲ್ಲಿ ಬುದ್ಧಿಯಿದ್ದವರು ಮನೆಯ ಬೀಜವನ್ನೆಲ್ಲ ಮೊದಲ ಮಳೆಯ ಕೈಗೆ ಕೊಡುವುದಿಲ್ಲ. ಮಳೆ ಕೊಚ್ಚಿದರೆ, ಇಲ್ಲವೆ ಮುನಿಸಿಕೊಂಡರೆ ದುಬಾರಾ ಬಿತ್ತಬೇಕಾಗುತ್ತದೆ. ಆ ದುಬಾರಾ ಬಿತ್ತಿಗೆಗೆ ಅರ್ಧ ಬೀಜ ಎತ್ತಿಡುತ್ತಾರೆ. ಕೌಸಲ್ಯಾಬಾಯಿಯ ಕೈ ತಾನಾಗಿಯೇ ಪೊಟ್ಟಣದ ಅರ್ಧವನ್ನು ಬಟ್ಟೆಯಲ್ಲಿ ಗಂಟುಕಟ್ಟಿ, ಚಹಾಪುಡಿಯ ಖಾಲಿ ಡಬ್ಬಿಯಲ್ಲಿಟ್ಟು, ಮೀಟರ್ ಕೋಣೆಯ ಅಟ್ಟಕ್ಕೆ ಏರಿಸಿತು.

"ಎಲ್ಲಾ ಹಾಕಿದ್ರಿಲ್ಲ ಕಾಕು?" ಎಂದು ವೀರಭದ್ರ ಕೇಳಿದ.

"ಹಾಂ ರಿ, ಎಲ್ಲಾ," ಎಂದಳು.

ಮೂರನೆಯ ದಿನ ಮಳೆ ಬಂತು. ಬಂದ ಮಳೆಗೆ ಲಾನಿನ ಇಳಿಜಾರು ಗೊತ್ತಿತ್ತು. ವಾರ ಕಳೆಯುವಷ್ಟರಲ್ಲಿ ಗೇಟಿನ ಹೊರಗೆ, ರಸ್ತೆಯ ಮೋರಿಯ ಉದ್ದಕ್ಕೂ, ಗೆರೆ ಎಳೆದಂತೆ ಒಂದು ಹಸಿರು ಪಟ್ಟಿ ಎದ್ದಿತು. ಗೇಟಿನ ಒಳಗೆ ಅಲ್ಲೊಂದು ಇಲ್ಲೊಂದು ಎಳೆ.

"ನಮ್ಮ ಹುಲ್ಲು ರಸ್ತೇಕ ಹೋಗಿ ಹುಟ್ಯಾದ! ಬಂದವ್ರಿಗಿ ಮೋರಿ ಮ್ಯಾಲ ಕುರ್ಚಿ ಹಾಕಮೇನು?" ವೀರಭದ್ರ ಮೊಬೈಲು ತೆಗೆದು ಪ್ಲಾಸ್ಟಿಕ್ಕಿನವನ ನಂಬರು ಹುಡುಕತೊಡಗಿದ.

ಕೌಸಲ್ಯಾಬಾಯಿ ಮೀಟರ್ ಕೋಣೆಗೆ ಹೋಗಿ ಡಬ್ಬಿ ತಂದಳು. "ಸಾವಕಾರ್ರ, ಇನ್ನ ಅರ್ಧ ಅದಾ."

"ಅರ್ಧ? ಎಲ್ಲಾ ಹಾಕೀನಿ ಅಂದಿದ್ರಿ!"

"ಸುಳ್ಳ ಹೇಳಿದ್ನಿರಿ."

"ಯಾಕ?"

"ಖರೆ ಹೇಳಿದ್ರ ನೀವು ಹಾಕ್ಸೇ ಬಿಡ್ತಿದ್ರಿ. ಸಿಟ್ಟಿಗಿ ಏಳಬ್ಯಾಡ್ರಿ, ಒಂದು ಮಾತು ಕೇಳ್ತೇನಿ. ಭಾತಂಬ್ರಾದಾಗ ನಿಮ್ಮ ಅಪ್ಪೋರು ಮನ್ಯಾನ ಬೀಜ ಎಲ್ಲಾ ಒಂದೇ ಮಳಿಗಿ ಹಾಕ್ತಿದ್ರೇನು?"

ವೀರಭದ್ರನ ಬೆರಳು ಮೊಬೈಲಿನ ಮೇಲೆ ನಿಂತಿತು. ಅವನ ಅಪ್ಪ ಅರ್ಧ ಬೀಜವನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದ, ಅದೂ ಮನೆಯವರಿಗೆ ಗೊತ್ತಾಗದಂತೆ. ಒಮ್ಮೆ ಅದನ್ನು ಹುಡುಕಿ ಹುರಿದು ತಿಂದದ್ದಕ್ಕೆ ಬಾಲ ವೀರಭದ್ರನಿಗೆ ಬಿದ್ದ ಏಟುಗಳೂ ನೆನಪಾದವು. ಮೊಬೈಲು ಜೇಬಿಗೆ ಹೋಯಿತು.

ಈ ಸಲ ಬಿತ್ತಿಗೆ ಕೌಸಲ್ಯಾಬಾಯಿಯ ಸ್ವಂತದ್ದು. ಇಳಿಜಾರಿಗೆ ಅಡ್ಡಲಾಗಿ ಗೋಣಿಚೀಲ ಸುತ್ತಿ ಸಣ್ಣ ಒಡ್ಡು ಕಟ್ಟಿದಳು. ಬೀಜ ಚೆಲ್ಲಿ, ಜಾಲಿಯ ಮುಳ್ಳುಕೊಂಬೆಯೊಂದಕ್ಕೆ ಹಗ್ಗ ಕಟ್ಟಿ ಮೇಲಿಂದ ಎಳೆದಳು. ಮುಳ್ಳು ಮಣ್ಣನ್ನು ಬರೀ ಗೀರಿ ಹೋಗುತ್ತದೆ, ಕಾಳು ಆ ಗೀರಿನಲ್ಲಿ ಅಡಗುತ್ತದೆ. ನೀರನ್ನು ಪೈಪಿನಿಂದ ಬಿಡದೆ ಬೇವಿನ ತೊಪ್ಪಲಿನಿಂದ, ಬೀಗರಿಗೆ ಪನ್ನೀರು ಹಾಕಿದಂತೆ, ದಿನಕ್ಕೆ ನಾಲ್ಕು ಸಲ ಚಿಮುಕಿಸಿದಳು.

ಒಂಬತ್ತನೆಯ ಮುಂಜಾನೆ ಮೊಣಕಾಲೂರಿ ಕೂತವಳು ಅಲ್ಲೇ ಕೂತಳು. ಸೂಜಿಯ ಮೊನೆಯಷ್ಟು ಹಸಿರು. ಒಂದು, ಅದರ ಪಕ್ಕ ಇನ್ನೊಂದು, ಕಣ್ಣು ಹೊಂದಿಕೊಂಡ ಮೇಲೆ ನೂರಾರು. ಗಣಿಕೆಯಿಲ್ಲ, ಹಟವಿಲ್ಲ, ಮೊಳದುದ್ದದ ಬೇರಿಲ್ಲ. ಕಿರುಬೆರಳ ಉಗುರು ತಾಕಿಸಿದರೆ ಬೀಳುವಂಥವು. ಕರಕಿಯೂ ಒಂದು ಕಾಲಕ್ಕೆ ಇಷ್ಟು ಸಣ್ಣದಿರುತ್ತದೆ ಎಂಬುದು ಐವತ್ತಾರನೆಯ ವರ್ಷದಲ್ಲಿ ಆಕೆಗೆ ತಿಳಿದುಬಂದ ಸಂಗತಿ. ಯಾರಿಗಾದರೂ ತೋರಿಸಲೇಬೇಕಿತ್ತು. ಭಾನುವಾರ ಗಂಡನನ್ನು ಸೋಫಾದಿಂದ ಎಬ್ಬಿಸಿ ಕರೆತಂದಳು.

"ಇಷ್ಟು ದೂರ ಕರಕಿ ನೋಡ್ಲಿಕ್ಕ ಕರದಿಯೇನು?" ಎನ್ನುತ್ತಲೇ ಗೋರಖನಾಥ ಕುಕ್ಕರಗಾಲಲ್ಲಿ ಕೂತ. ಎಷ್ಟೆಂದರೂ ರೈತನ ಕಣ್ಣು. ಒಂದು ಎಳೆಯ ಪಕ್ಕ ಬೆರಳಿಟ್ಟು ಹೇಳಿದ: "ಸಣ್ಣದು ಇದ್ದಾಗ ಭಾಳ ಬಡಪಾಯಿ ಕಾಣ್ತದಲ್ಲ?"

"ಹುಟ್ಟಿದಾಗ ಎಲ್ಲಾರೂ ಹಂಗೇ ಕಾಣ್ತಾರ. ನಿಮ್ಮ ತಮ್ಮನ್ನ ತೊಟ್ಲಾಗಿಂದ ನಾನೇ ನೋಡೀನಿಲ್ಲ?"

ಕಷ್ಟವಾದದ್ದು ಕೈಯನ್ನು ಒಪ್ಪಿಸುವುದು. ಹುಲ್ಲಿನೊಂದಿಗೆ ಜೇಕು, ಮುಟ್ಟಿದರೆ ಮುನಿ ಎಲ್ಲ ಎದ್ದಿದ್ದವು. ಅವನ್ನು ಕೀಳಲು ಕೂತರೆ ಬಲಗೈ ಹಳೆಯ ಅಭ್ಯಾಸಕ್ಕೆ ಬಿದ್ದು ಕರಕಿಯನ್ನೇ ಹಿಡಿಯುತ್ತಿತ್ತು. ಕೌಸಲ್ಯಾಬಾಯಿ ಬಲಗೈಯನ್ನು ಸೆರಗಿನಲ್ಲಿ ಸುತ್ತಿಟ್ಟು, ಏನೂ ಅರಿಯದ ಎಡಗೈಯಿಂದ ಕಸ ತೆಗೆಯುವುದನ್ನು ಕಲಿತಳು.

ದಸರೆಯ ಹೊತ್ತಿಗೆ ಲಾನು ಹಸಿರಾಯಿತು. ನಡೆದರೆ ಪಾದ ಮೆತ್ತಗಾಗುವಷ್ಟು ಹಸಿರು. ಒಂದೇ ಒಂದು ಜಾಗ ಉಳಿಯಿತು, ಸ್ಟೇಜಿನ ಎದುರಿಗೆ, ನಾಲ್ಕು ಮಾರು ಅಗಲ. ಆಷಾಢದಲ್ಲಿ ಆಕೆ ಅತಿ ಪ್ರೀತಿಯಿಂದ ಆಳಕ್ಕೆ ಅಗೆದಿದ್ದ ಜಾಗ ಅದೇ. ಮದುವೆಗೆ ಐದು ದಿನವಿರುವಾಗ ಡಬ್ಬಿಯ ತಳದಲ್ಲಿದ್ದ ಕೊನೆಯ ಚಿಟಿಕೆ ಬೀಜವನ್ನು ಅಲ್ಲಿಗೆ ಹಾಕಿದಳು. ನಾಯಿ ತುಳಿಯಬಾರದೆಂದು ಕೋಲು ನೆಟ್ಟರೆ ನಾಯಿ ಕೋಲನ್ನೇ ಒಯ್ದಿತು. ಆಗ ಅಲಂಕಾರದ ಸಾಮಾನಿನ ಕೋಣೆಯಿಂದ ನಾಲ್ಕು ತಂಬಿಗೆ ತಂದು, ಚಿಮುಕಿಸಲು ಕೈಗೆ ಸಿಗಲೆಂದು ನೀರು ತುಂಬಿ, ನಾಲ್ಕು ಮೂಲೆಗೆ ಇಟ್ಟಳು. ಹೂವಿನವರು ಬಿಟ್ಟುಹೋಗಿದ್ದ ಬಿಳಿ ನೂಲನ್ನು ಒಂದರ ಕೊರಳಿಂದ ಇನ್ನೊಂದರ ಕೊರಳಿಗೆ, ಬೇಲಿಯಂತೆ, ಐದು ಸುತ್ತು ಸುತ್ತಿದಳು.

ವೀರಭದ್ರ ಮದುವೆಯ ಹಿಂದಿನ ದಿನ ಬಂದು ನೋಡಿದ. ಹಸಿರೆಲ್ಲ ಬಿಟ್ಟು ಅವನ ಕಣ್ಣು ನೆಟ್ಟದ್ದು ಆ ಬೋಳಿನ ಮೇಲೆ.

"ಸ್ಟೇಜಿನ ಮುಂದೇ ಉಳದದಲ್ಲ ಕಾಕು! ಎಲ್ಲಾ ಫೋಟೋದಾಗ ಇದೇ ಬರ್ತದ. ಬೀಗರು ಒಂದು ಮಾತು ಅಂದ್ರಂದ್ರ, ನೋಡ್ರಿ, ಸೋಮವಾರ ಪ್ಲಾಸ್ಟಿಕ್ ಬರ್ತದ. ಆಮ್ಯಾಲ ನನಗ ಅನ್ನಬ್ಯಾಡ್ರಿ."

ಮದುವೆಯ ಮುಂಜಾನೆ ಕೌಸಲ್ಯಾಬಾಯಿ ಬೋರಿನ ಕಡೆ ಕೊಡ ಹಿಡಿದು ಹೋಗಿದ್ದಳು. ತಿರುಗಿ ಬರುವಾಗ ಸ್ಟೇಜಿನ ಎದುರು ಹೆಂಗಸರ ಗುಂಪು, ಹಾಡು. ಗುಂಪಿನ ಸಂದಿಯಿಂದ ನೋಡಿದರೆ ತನ್ನ ನಾಲ್ಕು ತಂಬಿಗೆಯ ನಡುವೆ, ತನ್ನ ಕೊನೆಯ ಚಿಟಿಕೆ ಬೀಜದ ಮೇಲೆ, ಎರಡು ಮಣೆ ಹಾಕಿ ವಧುವರರನ್ನು ಕೂರಿಸಿದ್ದಾರೆ. ಐವರು ಮುತ್ತೈದೆಯರು ಅರಿಶಿನದ ನೀರು ಸುರಿಯುತ್ತಿದ್ದಾರೆ.

ಸುರಗಿ ನಡೆದಿತ್ತು. ನಾಲ್ಕು ಮೂಲೆಗೆ ತಂಬಿಗೆಯಿಟ್ಟು, ನೂಲು ಸುತ್ತಿ, ನಡುವೆ ಕೂರಿಸಿ ನೀರೆರೆಯುವ ಶಾಸ್ತ್ರ. ಕೌಸಲ್ಯಾಬಾಯಿಯ ಮನೆತನದಲ್ಲಿ ಮದುವೆಯೆಂದರೆ ಬುದ್ಧವಂದನೆ, ಹೂಮಾಲೆ, ಊಟ. ಸುರಗಿಯನ್ನು ದೂರದಿಂದ ಕೇಳಿ ಬಲ್ಲಳೇ ಹೊರತು ಕಂಡವಳಲ್ಲ. ತಾನು ಕಟ್ಟಿದ್ದು ಬೇಲಿ ಎಂದೇ ಆಕೆ ತಿಳಿದಿದ್ದಳು.

"ಏ! ಏಳ್ರಿ! ಬೀಜ ಅದಾವಲ್ಲಿ!" ಎಂದು ಓಡಲಿದ್ದವಳ ರಟ್ಟೆಯನ್ನು ಶೈಲಶ್ರೀ ಹಿಡಿದಳು. "ಸುಮ್ನ ಇರ್ರಿ ಕಾಕು. ಏನ್ ಅಂತಾರ ಕೇಳ್ರಿ."

ಹುಡುಗಿಯ ಸೋದರತ್ತೆ ವೀರಭದ್ರನನ್ನು ತಡೆದು ನಿಲ್ಲಿಸಿದ್ದಳು. "ಹತ್ತಿಪ್ಪತ್ತು ಲಾನ್ ನೋಡೀವ್ರಿ ಸಾವಕಾರ್ರ. ಸುರಗಿಗಿ ಅಂತ ಬ್ಯಾರೆ ಜಾಗಾ ಬಿಟ್ಟಿದ್ದು ನಿಮ್ಮಲ್ಲೇ ನೋಡಿದ್ದು. ಸುತ್ತ ಎಲ್ಲಾ ಹಸರು, ನಡುವ ಬರೋಬ್ಬರಿ ಮಣ್ಣು. ನೀರು ಅಲ್ಲೇ ಇಂಗ್ತದ, ರಾಡಿ ಆಗಂಗಿಲ್ಲ. ತಂಬಿಗಿ, ನೂಲು ಸುದ್ದಾ ತಯಾರ್ ಇಟ್ಟೀರಿ! ಯಾರ ಬುದ್ಧಿ ರಿ ಇದು?"

ವೀರಭದ್ರ ಬೋಳನ್ನು ನೋಡಿದ, ದೂರದಲ್ಲಿ ಬಾಯಿ ತೆರೆದು ನಿಂತ ಕೌಸಲ್ಯಾಬಾಯಿಯನ್ನು ನೋಡಿದ, ಮೀಸೆ ತೀಡಿಕೊಂಡ. "ನಂದೇ ರಿ. ಮುದ್ದಾಮ ಬಿಡ್ಸೀನಿ."

ಸಂಜೆ ಗೇಟಿನ ಬಳಿ ಆಕೆಯನ್ನು ಕರೆದ. ಅವನ ಮಾತಿನಲ್ಲಿ ಯಜಮಾನಿಕೆಯೂ ಸಂಕೋಚವೂ ಒಂದನ್ನೊಂದು ತಳ್ಳುತ್ತಿದ್ದವು. "ಪ್ಲಾಸ್ಟಿಕ್ಕಿನವಗ ಬ್ಯಾಡ ಅಂತ ಫೋನ್ ಹಚ್ಚಿ ಹೇಳೀನಿ ಕಾಕು. ನೀವು ಇರ್ರಿ. ಎಲ್ಲೀ ಹೋಗಬ್ಯಾಡ್ರಿ. ಬರೇ ಒಂದು ಮಾತು. ಮುಂದಿನ ಮೂರೂ ಮದುವಿಯವ್ರು ಅದೇ ಜಾಗಾ ಬೇಕು ಅಂದಾರ. ಆ ಚೌಕದಾಗ ಒಂದು ಎಳಿ ಹುಲ್ಲು ಕಾಣಬಾರ್ದು ನೋಡ್ರಿ."

ಆರು ದಿನ ಕಳೆಯಿತು. ಅರಿಶಿನದ ನೀರಿಗೋ, ಬೀಗರ ತುಳಿತಕ್ಕೋ, ಕೊನೆಯ ಚಿಟಿಕೆ ಬೀಜ ಉಳಿದೆಲ್ಲಕ್ಕಿಂತ ದಟ್ಟವಾಗಿ ಎದ್ದಿತು. ಕೌಸಲ್ಯಾಬಾಯಿ ಚೌಕದ ಅಂಚಿನಲ್ಲಿ ಖುರಪಿ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಒಂದೊಂದು ಬೆರಳಗಲದ ಮಣ್ಣಿನ ಸಮೇತ ಆ ಸೂಜಿಗಳನ್ನು ಎತ್ತಿ, ಕಾರಂಜಿಯ ಬದಿಯಲ್ಲಿ ಮಂದಿ ತುಳಿದು ತೆಳ್ಳಗೆ ಮಾಡಿದ್ದ ಕಡೆ ಕೂರಿಸತೊಡಗಿದಳು. ಹೊತ್ತು ಇಳಿಯಿತು.

ಮನೆಯಲ್ಲಿ ಕರುಣಾ ಊಟಕ್ಕೆ ಬಡಿಸುತ್ತ ಕೇಳಿದಳು. "ಇವತ್ತೇನ್ ಕೆಲಸ ಇತ್ತು ಅವ್ವಾ?"

"ಕರಕಿ ತಗದೆ."

"ಮತ್ತ ಇಷ್ಟೊತ್ತು?"

"ಕರಕಿ ಹಚ್ಚಿದೆ."

ಗೋರಖನಾಥ ಟಿವಿಯ ಸದ್ದು ಕಡಿಮೆ ಮಾಡಿ, ಮೊದಲ ಸಲ ಇತ್ತ ತಿರುಗಿದ. "ಹತ್ತಿದ್ವೇನು?"

"ನಾಳಿ ಬರ್ರಿ, ನೋಡಮು," ಎಂದು ಕೌಸಲ್ಯಾಬಾಯಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.